ಪ್ಲಾಸ್ಟರ್ ಡಂಜನ್ ಟೈಲ್‌ಗಳ ಮೂಲೆ ಪುಡಿಯಾಗುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಕತ್ತಲಕೋಣೆ
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಮೇಜಿನ ಮೇಲೆ ಬೊಂಬೆ ಇಟ್ಟು ಆಡುವ ನಮ್ಮ ಆಟಕ್ಕೆ ಡಂಜನ್ (ಕಲ್ಲಿನ ನೆಲಮಾಳಿಗೆ) ನೆಲದ ಟೈಲ್‌ಗಳನ್ನು ಎರಕ ಹೊಯ್ಯುತ್ತಿದ್ದೇನೆ. ಮೂಲ ಮಾದರಿಯನ್ನು ಗಟ್ಟಿ ಥರ್ಮೊಕೋಲ್‌ನಂಥ ಎಕ್ಸ್‌ಪಿಎಸ್ ಫೋಮ್‌ನಲ್ಲಿ ನಾನೇ ಮಾಡಿದೆ. ಕಲ್ಲಿನ ಸಂದುಗಳನ್ನು ಪೆನ್ಸಿಲ್‌ನಲ್ಲಿ ಒತ್ತಿದೆ. ಅಲ್ಯೂಮಿನಿಯಂ ಫಾಯಿಲ್ ಉಂಡೆಯನ್ನು ಉರುಳಿಸಿ ಒರಟು ಮೈ ತಂದೆ. ಆಮೇಲೆ ಅದರ ಮೇಲೆ ಸಿಲಿಕೋನ್ ಸುರಿದು ಅಚ್ಚು ತೆಗೆದೆ. ಒಂದು ಅಚ್ಚಿನಲ್ಲಿ 6 ಟೈಲ್ ಬರುತ್ತವೆ. ಒಂದೊಂದೂ 2 ಇಂಚು ಚೌಕ, 8 ಮಿಲಿಮೀಟರ್ ದಪ್ಪ.

ಇಲ್ಲಿಯವರೆಗೆ 60 ಟೈಲ್ ಆಗಿವೆ. ಅರ್ಧಕ್ಕೂ ಹೆಚ್ಚು ಹಾಳು. ಮೂರು ತೊಂದರೆಗಳಿವೆ. ಮೂಲೆಗಳು ಬೆರಳು ತಾಗಿದರೂ ಪುಡಿಯಾಗುತ್ತವೆ. ಮೇಲ್ಮೈಯಲ್ಲಿ ಸೂಜಿ ಚುಚ್ಚಿದ ಹಾಗೆ ತೂತುಗಳು. ಪಕ್ಕಪಕ್ಕ ಇಟ್ಟರೆ ಒಂದು ಎತ್ತರ, ಇನ್ನೊಂದು ತಗ್ಗು, ಸಂದಿನ ಮೇಲೆ ಬೊಂಬೆ ನಿಲ್ಲಿಸಿದರೆ ವಾಲುತ್ತದೆ.

ಸಾಮಾನ್ಯ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸುತ್ತಿದ್ದೇನೆ. 15 ನಿಮಿಷಕ್ಕೆ ಅಚ್ಚಿನಿಂದ ತೆಗೆಯುತ್ತೇನೆ. ಮಾರನೇ ದಿನ ಬಣ್ಣ ಹಚ್ಚುತ್ತೇನೆ. ಇಷ್ಟು ಕಷ್ಟಪಟ್ಟು ಕೆತ್ತಿದ ಕಲ್ಲಿನ ವಿನ್ಯಾಸ ಹೀಗೆ ಉದುರಿಹೋಗುವುದನ್ನು ನೋಡಲು ಆಗುತ್ತಿಲ್ಲ. ದಯವಿಟ್ಟು ಹೇಳಿ.

ಧೂಳುಕೈ
ನೀರು ಎಷ್ಟು ಹಾಕುತ್ತೀರಿ? ತೂಕ ಮಾಡುತ್ತೀರಾ?

ಕತ್ತಲಕೋಣೆ
ತೂಕ ಮಾಡಿಲ್ಲ. ಕಣ್ಣಂದಾಜು. ಪುಡಿಗೆ ನೀರು ಹಾಕಿ ಕಲಸುತ್ತೇನೆ. ಗಟ್ಟಿ ಅನ್ನಿಸಿದರೆ ಇನ್ನಷ್ಟು ನೀರು ಸೇರಿಸುತ್ತೇನೆ.

ಧೂಳುಕೈ
ಹಾಗಾದರೆ ಮೊದಲ ತೊಂದರೆಯ ಕಾರಣ ಸಿಕ್ಕಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಇದು ಗೊತ್ತಾದ ಮೇಲೆ ನನ್ನ ಎರಕವೇ ಬದಲಾಯಿತು.

ಜಿಪ್ಸಮ್ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಯಿಸಿದರೆ ಅದರೊಳಗಿನ ನೀರಿನಲ್ಲಿ ಮುಕ್ಕಾಲು ಪಾಲು ಹೋಗುತ್ತದೆ. ಉಳಿದ ಪುಡಿಯೇ ಪ್ಲಾಸ್ಟರ್ ಆಫ್ ಪ್ಯಾರಿಸ್. ನಾವು ನೀರು ಹಾಕಿದಾಗ ಅದು ಹೋದ ನೀರನ್ನು ವಾಪಸ್ ಹಿಡಿದುಕೊಂಡು ಮತ್ತೆ ಜಿಪ್ಸಮ್ ಆಗುತ್ತದೆ. ಈ ಕೆಲಸಕ್ಕೆ 100 ಗ್ರಾಂ ಪುಡಿಗೆ ಬೇಕಾಗುವುದು 18.6 ಗ್ರಾಂ ನೀರು ಮಾತ್ರ. ಆದರೆ ಅಷ್ಟೇ ಹಾಕಿದರೆ ಸುರಿಯಲು ಆಗುವುದಿಲ್ಲ. ಅದಕ್ಕೇ 60, 70 ಗ್ರಾಂ ಹಾಕುತ್ತೇವೆ. ಹೆಚ್ಚಿನ ನೀರೆಲ್ಲ ಆಮೇಲೆ ಆವಿಯಾಗುತ್ತದೆ, ಅದು ಇದ್ದ ಜಾಗ ಟೊಳ್ಳಾಗಿ ಉಳಿಯುತ್ತದೆ. ನೀರು ಜಾಸ್ತಿ ಆದಷ್ಟೂ ಟೊಳ್ಳು ಜಾಸ್ತಿ. ನಿಮ್ಮ ಮೂಲೆ ಪುಡಿಯಾಗುವುದು ಇದಕ್ಕೇ.

ಮಧ್ಯದಲ್ಲಿ ನೀರು ಸೇರಿಸುವುದು ಇನ್ನೂ ಕೆಟ್ಟದ್ದು. ಗಟ್ಟಿಯಾಗುತ್ತಿದೆ ಅಂದರೆ ಹರಳುಗಳು ಆಗಲೇ ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳುತ್ತಿವೆ. ಆಗ ನೀರು ಹಾಕಿ ತಿರುವಿದರೆ ಆ ಹೆಣಿಗೆ ಮುರಿಯುತ್ತದೆ. ಮತ್ತೆ ಕೂಡುವುದಿಲ್ಲ.

ನಿಮ್ಮ ಅಚ್ಚಿನ ಲೆಕ್ಕ: ಒಂದು ಟೈಲ್ ಸುಮಾರು 20.6 ಸಿಸಿ, ಆರಕ್ಕೆ 124 ಸಿಸಿ. 140 ಗ್ರಾಂ ಪುಡಿ, 84 ಗ್ರಾಂ ನೀರು ತೆಗೆದುಕೊಳ್ಳಿ. 100ಕ್ಕೆ 60ರ ಲೆಕ್ಕ. ಸುಮಾರು 135 ಸಿಸಿ ಬರುತ್ತದೆ, ಸ್ವಲ್ಪ ಉಳಿಯುತ್ತದೆ. ಅಡಿಗೆಮನೆಯ ಚಿಕ್ಕ ತಕ್ಕಡಿ ಸಾಕು.

ಅಚ್ಚುಮೆಚ್ಚು
ಪುಡಿಗೆ ನೀರು ಹಾಕಬೇಡಿ, ನೀರಿಗೆ ಪುಡಿ ಹಾಕಿ. ಇದನ್ನು ಯಾರೂ ಇನ್ನೂ ಹೇಳಿಲ್ಲ. ನೀರಿನ ಮೇಲೆ ಪುಡಿಯನ್ನು ಜರಡಿ ಹಿಡಿದ ಹಾಗೆ ಉದುರಿಸಿ. ಅದು ತಾನಾಗಿ ನೆನೆದು ಕೆಳಗೆ ಇಳಿಯಲಿ. ಒಂದೆರಡು ನಿಮಿಷ ಕೈ ಹಾಕಬೇಡಿ. ಆಮೇಲೆ ನಿಧಾನವಾಗಿ, ಚಮಚ ನೀರಿನ ಮಟ್ಟದಿಂದ ಮೇಲೆ ಬರದ ಹಾಗೆ ತಿರುವಿ. ಜೋರಾಗಿ ತಿರುವಿದರೆ ನೀವೇ ಗಾಳಿ ತುಂಬಿಸಿದ ಹಾಗೆ.

ಗಟ್ಟಿಗಿತ್ತಿ
ಸುಮ್ನೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಿಡಿ, ದಂತವೈದ್ಯರು ಹಲ್ಲಿನ ಮಾದರಿಗೆ ಬಳಸುವ ಡೆಂಟಲ್ ಸ್ಟೋನ್ ತೆಗೆದುಕೊಳ್ಳಿ. ಎಲ್ಲ ತೊಂದರೆಯೂ ಮುಗಿಯುತ್ತದೆ.

ಧೂಳುಕೈ
ಎಲ್ಲವೂ ಮುಗಿಯುವುದಿಲ್ಲ. ಅಳತೆಯಿಲ್ಲದೆ ಕಲಸಿದರೆ ಡೆಂಟಲ್ ಸ್ಟೋನ್ ಕೂಡ ಪುಡಿಯಾಗುತ್ತದೆ. ಮೊದಲು ಇದರಲ್ಲೇ ಕೈ ಪಳಗಲಿ.

ಗಟ್ಟಿಗಿತ್ತಿ
ಅಳತೆ ಬೇಡ ಅಂದಿಲ್ಲವಲ್ಲ. ರಾಸಾಯನಿಕವಾಗಿ ಎರಡೂ ಒಂದೇ, ಒಪ್ಪುತ್ತೇನೆ. ಆದರೆ ಡೆಂಟಲ್ ಸ್ಟೋನ್ ಅನ್ನು ಒತ್ತಡದ ಹಬೆಯಲ್ಲಿ ಕಾಯಿಸಿ ಮಾಡುತ್ತಾರೆ. ಕಣಗಳು ಅಚ್ಚುಕಟ್ಟಾಗಿ, ಒತ್ತಾಗಿ ಇರುತ್ತವೆ. ಹಾಗಾಗಿ 100 ಗ್ರಾಂಗೆ 30 ಗ್ರಾಂ ನೀರಿನಲ್ಲೇ ಹರಿಯುತ್ತದೆ. ನೀವೇ ಹೇಳಿದಿರಿ, ನೀರು ಕಡಿಮೆ ಆದರೆ ಟೊಳ್ಳು ಕಡಿಮೆ. ನನ್ನ ಟೈಲ್ ಮೊಣಕಾಲೆತ್ತರದಿಂದ ಬಿದ್ದರೂ ಮೂಲೆ ಹೋಗಿಲ್ಲ. ವಾರಕ್ಕೊಮ್ಮೆ ಡಬ್ಬಿಯಿಂದ ತೆಗೆದು, ಜೋಡಿಸಿ, ಮತ್ತೆ ಡಬ್ಬಿಗೆ ತುಂಬುವ ವಸ್ತು ಇದು. ಪೆಟ್ಟು ತಡೆಯಲೇಬೇಕು ಅಲ್ವಾ?

ಧೂಳುಕೈ
ಆ ಮಾತು ಸರಿ. ಒಂದು ಮಾತ್ರ ಸೇರಿಸುತ್ತೇನೆ. ಅದೇ ಅಚ್ಚು ತುಂಬಲು ಪುಡಿ ಜಾಸ್ತಿ ಬೇಕು. ಈ ಅಚ್ಚಿಗೆ 200 ಗ್ರಾಂ ಸ್ಟೋನ್, 60 ಗ್ರಾಂ ನೀರು. ಟೈಲ್ ಕೂಡ ಅಷ್ಟೇ ಭಾರ ಆಗುತ್ತದೆ. ನೂರಾರು ಟೈಲ್ ಹೊತ್ತುಕೊಂಡು ಆಟಕ್ಕೆ ಹೋಗುವವರು ಇದನ್ನು ಯೋಚಿಸಬೇಕು.

ಮೌನಿ_7
ನಾನು ನೆಲಕ್ಕೆ ಸಾಮಾನ್ಯ ಪ್ಲಾಸ್ಟರ್, ಕಂಬ, ಕಮಾನು, ಬಾಗಿಲಿಗೆ ಡೆಂಟಲ್ ಸ್ಟೋನ್ ಬಳಸುತ್ತೇನೆ. ಸಣ್ಣದು, ಉದ್ದದ್ದು, ತೆಳ್ಳಗಿದ್ದದ್ದು ಎಲ್ಲ ಸ್ಟೋನ್.

ದಾಳಪ್ರಿಯೆ
ತೂತಿನ ಬಗ್ಗೆ ನಾನು ಹೇಳುತ್ತೇನೆ. ಸಿಲಿಕೋನ್‌ಗೆ ನೀರು ಅಂಟುವುದಿಲ್ಲ. ಪ್ಲಾಸ್ಟರ್ ಸುರಿದಾಗ ಆ ಸಣ್ಣ ಸಂದುಗಳಿಗೆ ಅದು ಇಳಿಯದೆ ಮೇಲೆಯೇ ನಿಲ್ಲುತ್ತದೆ. ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅಚ್ಚಿನ ತಳವೇ ಟೈಲ್‌ನ ಮೇಲ್ಮೈ, ಹಾಗಾಗಿ ತೂತು ಸರಿಯಾಗಿ ಕಣ್ಣಿಗೆ ಬೀಳುವ ಕಡೆಯೇ ಬರುತ್ತದೆ.

ನಾನು ಮಾಡುವುದು ಹೀಗೆ. ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಸ್ಪ್ರೇ ಬಾಟಲಿಯಲ್ಲಿ ಇಟ್ಟಿರುತ್ತೇನೆ. ಅಚ್ಚಿಗೆ ತೆಳ್ಳಗೆ ಸಿಂಪಡಿಸಿ, ಬೋರಲು ಹಾಕಿ ಒದರುತ್ತೇನೆ. ತೇವ ಇರಬೇಕು, ನೀರು ನಿಂತಿರಬಾರದು. ಆಮೇಲೆ ಮೆತ್ತನೆಯ ಬ್ರಶ್‌ನಲ್ಲಿ ಸ್ವಲ್ಪ ಪ್ಲಾಸ್ಟರನ್ನು ಸಂದುಗಳಿಗೆ ತಿಕ್ಕುತ್ತೇನೆ. ಇದು ಮುಖ್ಯ. ಉಳಿದದ್ದನ್ನು ಒಂದು ಮೂಲೆಯಿಂದ ಸಣ್ಣ ಧಾರೆಯಾಗಿ ಸುರಿಯುತ್ತೇನೆ, ಅದೇ ಹರಿದು ಗಾಳಿಯನ್ನು ತಳ್ಳಿಕೊಂಡು ಹೋಗಲಿ. ಕೊನೆಗೆ ಅಚ್ಚು ಇಟ್ಟಿರುವ ಹಲಗೆಯನ್ನು ಒಂದು ನಿಮಿಷ ತಟ್ಟುತ್ತೇನೆ. ಗುಳ್ಳೆಗಳು ಮೇಲೆ ಬರುವುದನ್ನು ನೋಡುವುದೇ ಒಂದು ಖುಷಿ.

ಹೊಸ_ಕಿಂಡಿ
ಸೋಪು ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದಾ?

ದಾಳಪ್ರಿಯೆ
ಬೇಡ. ನೊರೆ ಬಂದರೆ ಅದೇ ತೂತಾಗುತ್ತದೆ. ಮೇಲ್ಮೈ ಕೂಡ ಮೆದುವಾಗುತ್ತದೆ.

ಅಚ್ಚುಮೆಚ್ಚು
ಹಳೆಯ ಎಲೆಕ್ಟ್ರಿಕ್ ಶೇವರ್ ಇದ್ದರೆ ಅದನ್ನು ಹಲಗೆಯ ಅಡಿಗೆ ಒತ್ತಿ ಹಿಡಿಯಿರಿ. ಆ ಕಂಪನಕ್ಕೆ ಗಟ್ಟಿ ಮಿಶ್ರಣವೂ ಹರಿಯುತ್ತದೆ. ಅಂದರೆ ನೀರು ಕಡಿಮೆ ಹಾಕಬಹುದು.

ಚಪ್ಪಡಿಪುರಾಣ
ಎತ್ತರದ ವ್ಯತ್ಯಾಸಕ್ಕೆ ನನ್ನ ಊಹೆ: ತುಂಬಿದ ಅಚ್ಚನ್ನು ಕೈಯಲ್ಲಿ ಎತ್ತಿ ಬೇರೆ ಕಡೆ ಇಡುತ್ತಿದ್ದೀರಾ?

ಕತ್ತಲಕೋಣೆ
ಹೌದು, ಸುರಿದ ಮೇಲೆ ಕಿಟಕಿಯ ಹತ್ತಿರ ಒಯ್ಯುತ್ತೇನೆ.

ಚಪ್ಪಡಿಪುರಾಣ
ಅದೇ. ಸಿಲಿಕೋನ್ ಬಾಗುತ್ತದೆ, ಒಳಗಿನದು ಆ ಬಾಗಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಗಾಜಿನ ಹಲಗೆಯ ಮೇಲೆ ಅಚ್ಚು ಇಟ್ಟು, ಅಲ್ಲೇ ಸುರಿದು, ಅಲ್ಲೇ ಬಿಡಿ.

ಇನ್ನು ಕೆರೆಯುವ ಸಮಯ. ಅಚ್ಚನ್ನು ಒಂದಿಷ್ಟು ಮೇಲೆ ಬರುವ ಹಾಗೆ ತುಂಬಿ. ಮೇಲಿನ ನೀರಿನ ಹೊಳಪು ಮಾಯವಾಗಿ ಮಂಕಾಗುವ ಹೊತ್ತಿಗೆ ಸ್ಟೀಲ್ ಸ್ಕೇಲ್ ತೆಗೆದುಕೊಳ್ಳಿ. ಅಚ್ಚಿನ ಅಂಚಿಗೆ ತಾಗಿಸಿ ಗರಗಸದ ಹಾಗೆ ಹಿಂದೆ ಮುಂದೆ ಆಡಿಸುತ್ತಾ ಎಳೆಯಿರಿ. ಬೇಗ ಕೆರೆದರೆ ಮಧ್ಯದಲ್ಲಿ ಗುಳಿ ಬೀಳುತ್ತದೆ. ತಡವಾದರೆ ಸ್ಕೇಲ್ ಜಾರಿ ಗುಬ್ಬಿ ಉಳಿಯುತ್ತದೆ. ಈ ಎರಡರ ನಡುವೆ ಒಂದೆರಡು ನಿಮಿಷ ಸಿಗುತ್ತದೆ ಅಷ್ಟೇ. ಹತ್ತು ಸಲ ಮಾಡಿದ ಮೇಲೆ ಕೈಗೆ ತಾನಾಗಿ ಗೊತ್ತಾಗುತ್ತದೆ.

ಈಗಾಗಲೇ ಆಗಿರುವ ಟೈಲ್‌ಗಳನ್ನು ಎಸೆಯಬೇಡಿ. ಗಾಜಿನ ಮೇಲೆ ಒರಟು ಮರಳು ಕಾಗದ ಅಂಟಿಸಿ ಅಡಿಭಾಗವನ್ನು ಉಜ್ಜಿ ಸಮ ಮಾಡಿ. ಮಾಸ್ಕ್ ಹಾಕಿಕೊಳ್ಳಿ.

ಹೊಸ_ಕಿಂಡಿ
15 ನಿಮಿಷಕ್ಕೆ ತೆಗೆಯುವುದು ಬೇಗ ಆಯಿತಾ?

ಧೂಳುಕೈ
ಗಡಿಯಾರ ನೋಡಬೇಡಿ, ಬಿಸಿ ನೋಡಿ. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ. ಆ ಬಿಸಿ ಏರಿ, ಮತ್ತೆ ಇಳಿಯಲು ಶುರುವಾದ ಮೇಲೆ ತೆಗೆಯಬೇಕು. ಸಾಮಾನ್ಯವಾಗಿ ಅರ್ಧ ಗಂಟೆ. ತೆಗೆಯುವಾಗ ಟೈಲನ್ನು ಎಳೆಯಬಾರದು. ಅಚ್ಚನ್ನೇ ಟೈಲ್‌ನಿಂದ ಸಿಪ್ಪೆ ಸುಲಿದ ಹಾಗೆ ಹಿಂದಕ್ಕೆ ಮಡಿಸಬೇಕು.

ಬೆಂಕಿಪೊಟ್ಟಣ
ಇಷ್ಟೆಲ್ಲ ಕಾಯುವುದು ಯಾಕೆ? ಓವನ್‌ನಲ್ಲಿ 150 ಡಿಗ್ರಿಗೆ ಒಂದು ಗಂಟೆ ಇಡಿ, ಗಟ್ಟಿಯಾಗಿ ಬರುತ್ತದೆ.

ಧೂಳುಕೈ
ದಯವಿಟ್ಟು ಹಾಗೆ ಮಾಡಬೇಡಿ! 150 ಡಿಗ್ರಿ ಅಂದರೆ ಜಿಪ್ಸಮ್ ಅನ್ನು ಮತ್ತೆ ಪುಡಿಯಾಗಿ ಮಾಡುವ ಬಿಸಿ. ಟೈಲ್ ಸೀಳುತ್ತದೆ, ಇಲ್ಲವೇ ಸೀಮೆಸುಣ್ಣದ ಹಾಗೆ ಆಗುತ್ತದೆ.

ಬೆಂಕಿಪೊಟ್ಟಣ
ನನ್ನದು ಎರಡು ಸಲ ಚೆನ್ನಾಗಿಯೇ ಬಂದಿತ್ತು. ಮೂರನೇ ಸಲ ಅಂಚುಗಳು ಬಿಳಿ ಪುಡಿಯಾಗಿ ಉದುರಿದವು, ಅದು ನಿಜ. ಪ್ಲಾಸ್ಟರೇ ಸರಿ ಇಲ್ಲ ಅಂದುಕೊಂಡಿದ್ದೆ.

ಅಚ್ಚುಮೆಚ್ಚು
ಟೈಲ್ ತೇವ ಇರುವವರೆಗೆ ಆವಿಯಾಗುವ ನೀರು ಅದನ್ನು ತಂಪಾಗಿ ಇಡುತ್ತದೆ. ಒಣಗಿದ ಮೇಲೂ ಬಿಸಿ ಮುಂದುವರಿದರೆ ಹರಳಿನೊಳಗಿನ ನೀರೇ ಹೊರಡುತ್ತದೆ. ಎರಡು ಸಲ ನಿಮ್ಮದು ಒಣಗುವ ಮೊದಲೇ ಹೊರಗೆ ಬಂದಿರಬೇಕು. ಒಳಗೆ ಇಡಲೇಬೇಕು ಅಂದರೆ 45 ಡಿಗ್ರಿ ದಾಟಿಸಬೇಡಿ. ಅದಕ್ಕಿಂತ ಫ್ಯಾನ್ ಗಾಳಿ ಒಳ್ಳೆಯದು. ಟೈಲ್‌ಗಳನ್ನು ಜಾಲರಿಯ ಮೇಲೆ, ಎರಡೂ ಕಡೆ ಗಾಳಿ ಆಡುವ ಹಾಗೆ ಇಡಿ.

ಗಟ್ಟಿಗಿತ್ತಿ
ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಅರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಒಣಗಲು ದಿನಗಳೇ ಬೇಕು. ಒದ್ದೆ ಟೈಲ್‌ಗೆ ಒಣಗಿದ ಟೈಲ್‌ನ ಅರ್ಧದಷ್ಟು ಬಲವೂ ಇರುವುದಿಲ್ಲ. ಕತ್ತಲಕೋಣೆ ಮಾರನೇ ದಿನವೇ ಬಣ್ಣ ಹಚ್ಚಿ ಆಡುತ್ತಿದ್ದಾರೆ. ಮೂಲೆ ಹೋಗುವುದಕ್ಕೆ ಅದೂ ಒಂದು ಕಾರಣ.

ಕತ್ತಲಕೋಣೆ
ಒಣಗಿದೆ ಅಂತ ಗೊತ್ತಾಗುವುದು ಹೇಗೆ? ಮಾರನೇ ದಿನ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ.

ಮೌನಿ_7
ಕೆನ್ನೆಗೆ ಒತ್ತಿ ಹಿಡಿಯಿರಿ. ತಣ್ಣಗೆ ಅನ್ನಿಸಿದರೆ ಒಳಗೆ ನೀರಿದೆ.

ಧೂಳುಕೈ
ತೂಕವೂ ಹೇಳುತ್ತದೆ. 100ಕ್ಕೆ 60ರ ಲೆಕ್ಕದಲ್ಲಿ ಈ ಅಳತೆಯ ಒಂದು ಟೈಲ್ ಅಚ್ಚಿನಿಂದ ಬಂದಾಗ ಸುಮಾರು 34 ಗ್ರಾಂ ಇರುತ್ತದೆ. ಪೂರ್ತಿ ಒಣಗಿದಾಗ 25 ಗ್ರಾಂ ಆಸುಪಾಸು. ದಿನಾ ಒಂದನ್ನು ತೂಗಿ. ಎರಡು ದಿನ ಒಂದೇ ತೂಕ ಬಂದರೆ ಬಣ್ಣ ತೆಗೆಯಿರಿ.

ಪದರಬಣ್ಣ
ಬಣ್ಣದ ವಿಷಯ ಬಂತು, ಸದ್ಯ. ಒದ್ದೆ ಟೈಲ್‌ಗೆ ಬಣ್ಣ ಹಚ್ಚಿದರೆ ಒಳಗಿನ ನೀರು ಹೊರಬರಲು ದಾರಿಯಿಲ್ಲದೆ ಬಣ್ಣದ ಪದರವನ್ನೇ ಎಬ್ಬಿಸುತ್ತದೆ. ನನ್ನ ಮೊದಲ ಕೋಣೆ ಪೂರ್ತಿ ಹೀಗೇ ಸಿಪ್ಪೆ ಎದ್ದಿತ್ತು.

ಒಣಗಿದ ಮೇಲೆ ಪ್ಲಾಸ್ಟರ್ ಬಣ್ಣವನ್ನು ಕುಡಿಯುತ್ತದೆ. ಮೊದಲು ಪಿವಿಎ ಅಂಟನ್ನು (ಮರಕ್ಕೆ ಬಳಸುವ ಬಿಳಿ ಅಂಟು) ನೀರಿನಲ್ಲಿ ತೆಳ್ಳಗೆ ಮಾಡಿ ಒಂದು ಕೈ ಬಳಿಯಿರಿ. ಆಮೇಲೆ ಕಪ್ಪು ಅಥವಾ ಗಾಢ ಕಂದು. ಸಂದುಗಳ ತಳಕ್ಕೂ ಹೋಗಬೇಕು. ಮೇಲೆ ಕಡು ಬೂದು ಡ್ರೈ ಬ್ರಶ್, ಅದರ ಮೇಲೆ ತಿಳಿ ಬೂದು, ಕೊನೆಗೆ ಅಂಚುಗಳಿಗೆ ಮಾತ್ರ ಬಹುತೇಕ ಬಿಳಿ. ಬ್ರಶ್‌ನಲ್ಲಿ ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು ಒರೆಸಿರಬೇಕು. ಅಲ್ಲಲ್ಲಿ ಒಂದೊಂದು ಕಲ್ಲಿಗೆ ಹಸಿರು ಮಿಶ್ರಿತ ವಾಶ್ (ನೀರಾಗಿಸಿದ ಬಣ್ಣ), ಒಂದೊಂದಕ್ಕೆ ಕಂದು. ಎಲ್ಲ ಕಲ್ಲೂ ಒಂದೇ ಬೂದಾಗಿದ್ದರೆ ಕಾಂಕ್ರೀಟ್ ಹಾಗೆ ಕಾಣುತ್ತದೆ.

ದಾಳಪ್ರಿಯೆ
ಇನ್ನೊಂದು ಉಪಾಯ. ಕಲಸುವಾಗಲೇ ಪುಡಿಗೆ ಕಪ್ಪು ಆಕ್ಸೈಡ್ ಪಿಗ್ಮೆಂಟ್ ಸ್ವಲ್ಪ ಸೇರಿಸಿ. ಟೈಲ್ ಒಳಗೂ ಬೂದು ಇದ್ದರೆ, ನಾಳೆ ಮೂಲೆ ಚೂರಾದರೂ ಬಿಳಿ ಕಾಣುವುದಿಲ್ಲ. ಒಡೆದ ಕಲ್ಲಿನ ಹಾಗೇ ಇರುತ್ತದೆ.

ಬೆಂಕಿಪೊಟ್ಟಣ
ಪಿವಿಎ ಅಂಟನ್ನು ಮೇಲೆ ಬಳಿಯುವ ಬದಲು ಮಿಶ್ರಣಕ್ಕೇ ಹಾಕಿದರೆ ಗಟ್ಟಿಯಾಗುವುದಿಲ್ಲವಾ? ತುಂಬ ಜನ ಹಾಗೆ ಮಾಡುತ್ತಾರೆ.

ಗಟ್ಟಿಗಿತ್ತಿ
ನಾನು ಮಾಡಿ ನೋಡಿದ್ದೇನೆ. ಗಟ್ಟಿಯಾಗಲು ಮೂರು ಪಟ್ಟು ಹೊತ್ತು ಹಿಡಿಯಿತು. ನೊರೆ ಬೇರೆ. ಅಚ್ಚಿನಿಂದ ತೆಗೆದಾಗ ರಬ್ಬರಿನ ಹಾಗೆ ಮೆತ್ತಗಿತ್ತು.

ಚಪ್ಪಡಿಪುರಾಣ
ನನಗೆ ಬೇರೆ ಅನುಭವ. ನೀರಿನ ಹತ್ತರಲ್ಲಿ ಒಂದು ಪಾಲು ಅಂಟು ಹಾಕಿದ್ದೆ. ಮೂಲೆ ಪುಡಿಯಾಗುವುದು ನಿಜಕ್ಕೂ ಕಡಿಮೆಯಾಯಿತು.

ಗಟ್ಟಿಗಿತ್ತಿ
ಅಂಟನ್ನು ನೀರಿನ ಲೆಕ್ಕದಿಂದ ಕಳೆದಿದ್ದಿರಾ?

ಚಪ್ಪಡಿಪುರಾಣ
ಹೌದು, ಆ ದಿನ ಮೊದಲ ಸಲ ತೂಕ ಮಾಡಿದ್ದೆ.

ಗಟ್ಟಿಗಿತ್ತಿ
ಹಾಗಾದರೆ ಗಟ್ಟಿ ಮಾಡಿದ್ದು ಅಂಟೋ ತಕ್ಕಡಿಯೋ ಹೇಳುವುದು ಕಷ್ಟ. ಅಂಟಿಲ್ಲದೆ ಅದೇ ಅಳತೆಯಲ್ಲಿ ಒಂದು ಸಲ ಹೊಯ್ದು ನೋಡಿ.

ಚಪ್ಪಡಿಪುರಾಣ
ನ್ಯಾಯವಾದ ಮಾತು. ನೋಡುತ್ತೇನೆ.

ನಳಿಕೆ
ಒಂದು ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ. ಈಗ ತ್ರೀಡಿ ಪ್ರಿಂಟರ್ ಇದೆ. ರಾತ್ರಿ ಹಾಕಿ ಮಲಗಿದರೆ ಬೆಳಗ್ಗೆ ಟೈಲ್ ಸಿದ್ಧ. ಹಗುರ, ಬಿದ್ದರೂ ಒಡೆಯುವುದಿಲ್ಲ, ಎಲ್ಲದರ ಎತ್ತರವೂ ಒಂದೇ. ಪ್ಲಾಸ್ಟರ್ ಯಾಕೆ?

ಪದರಬಣ್ಣ
ಕೈಯಲ್ಲಿ ಹಿಡಿದು ನೋಡಿ, ಗೊತ್ತಾಗುತ್ತದೆ. ಕಲ್ಲಿನ ತೂಕ, ಕಲ್ಲಿನ ತಂಪು. ಮೇಜಿನ ಮೇಲೆ ಇಟ್ಟಾಗ ಆಗುವ ಸದ್ದೇ ಬೇರೆ.

ನಳಿಕೆ
ತೂಕ ನಿಮಗೆ ಒಳ್ಳೆಯದು, ಎರಡನೇ ಮಹಡಿಗೆ ಡಬ್ಬಿ ಹೊರುವ ನನಗೆ ಅಲ್ಲ.

ಅಚ್ಚುಮೆಚ್ಚು
ಪ್ರಿಂಟರ್ ಇದ್ದವರು ಎರಡನ್ನೂ ಸೇರಿಸಬಹುದು. ಒಂದೇ ಒಂದು ಮಾದರಿ ಪ್ರಿಂಟ್ ಮಾಡಿ, ಪದರದ ಗೆರೆಗಳನ್ನು ಉಜ್ಜಿ ತೆಗೆದು, ಅದರಿಂದ ಅಚ್ಚು ಮಾಡಿ. ಆಮೇಲೆ ಅರ್ಧ ಗಂಟೆಗೆ ಆರು ಟೈಲ್. ಯಾವ ಪ್ರಿಂಟರ್ ಆ ವೇಗದಲ್ಲಿ ಕೊಡುತ್ತದೆ? ಆದರೆ ಎಚ್ಚರ, ಅಚ್ಚಿನ ಸಿಲಿಕೋನ್‌ನಲ್ಲಿ ಪ್ಲಾಟಿನಂ, ಟಿನ್ ಅಂತ ಎರಡು ಬಗೆ. ರೆಸಿನ್ ಪ್ರಿಂಟ್ ಮೇಲೆ ಪ್ಲಾಟಿನಂ ಸಿಲಿಕೋನ್ ಎಷ್ಟೋ ಸಲ ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿಯುತ್ತದೆ. ಗಂಧಕ ಇರುವ ಜೇಡಿಮಣ್ಣು, ಲೇಟೆಕ್ಸ್ ಕೈಗವಸು ತಾಗಿದರೂ ಹಾಗೇ. ಟಿನ್ ಸಿಲಿಕೋನ್‌ಗೆ ಈ ತಕರಾರು ಕಡಿಮೆ. ಅದು ಮಾತ್ರ ಕಾಲ ಕಳೆದಂತೆ ಸ್ವಲ್ಪ ಕುಗ್ಗುತ್ತದೆ, ಕೆಲವು ವರ್ಷಕ್ಕೆ ಸೀಳಲು ಶುರುವಾಗುತ್ತದೆ.

ಹೊಸ_ಕಿಂಡಿ
ಅಚ್ಚು ಮಾಡಲು ಬರದಿದ್ದರೆ?

ಮೌನಿ_7
ಸಿದ್ಧ ಅಚ್ಚುಗಳು ಸಿಗುತ್ತವೆ. ಹರ್ಸ್ಟ್ ಆರ್ಟ್ಸ್ ಅಚ್ಚುಗಳಲ್ಲಿ ಹೆಚ್ಚಿನ ಇಟ್ಟಿಗೆಗಳು ಅರ್ಧ ಇಂಚಿನ ಲೆಕ್ಕದಲ್ಲಿವೆ. ಹೊಯ್ದು, ಒಣಗಿಸಿ, ಗೋಡೆ ಕಟ್ಟಿದ ಹಾಗೆ ಅಂಟಿಸುತ್ತಾ ಹೋಗಬಹುದು. ನಾನು ಕಲಿತದ್ದು ಅದರಲ್ಲೇ.

ನಳಿಕೆ
ಗೋಡೆ ಅಂದರೆ ನೆನಪಾಯಿತು. ನೀವೆಲ್ಲ ಪೂರ್ತಿ ಎತ್ತರದ ಗೋಡೆ ಇಡುತ್ತೀರಾ? ನಮ್ಮ ಮೇಜಿನಲ್ಲಿ ಎದುರು ಕೂತವರಿಗೆ ಕೋಣೆಯೊಳಗೆ ಏನಿದೆ ಅಂತ ಕಾಣುವುದೇ ಇಲ್ಲ.

ದಾಳಪ್ರಿಯೆ
ನಾನು ಅರ್ಧ ಇಂಚು ಎತ್ತರದ ಗೋಡೆ ಮಾತ್ರ ಇಡುತ್ತೇನೆ. ಗೋಡೆ ಇದೆ ಅಂತ ಗೊತ್ತಾದರೆ ಸಾಕು, ಉಳಿದದ್ದನ್ನು ಆಟಗಾರರ ಮನಸ್ಸು ಕಟ್ಟಿಕೊಳ್ಳುತ್ತದೆ.

ಪದರಬಣ್ಣ
ಒಪ್ಪುವುದಿಲ್ಲ. ಕಮಾನು, ಬಾಗಿಲು, ಎತ್ತರದ ಗೋಡೆ ಇಲ್ಲದಿದ್ದರೆ ಅದು ಕೋಣೆ ಅನ್ನಿಸುವುದೇ ಇಲ್ಲ. ಆಟ ನಡೆಸುವ ಡಂಜನ್ ಮಾಸ್ಟರ್ ಕಡೆಯ ಎರಡು ಗೋಡೆ ಎತ್ತರ ಇಡಿ, ಆಟಗಾರರ ಕಡೆ ಬಿಟ್ಟುಬಿಡಿ.

ಚಪ್ಪಡಿಪುರಾಣ
ಗೋಡೆಯ ವಿಷಯದಲ್ಲಿ ಒಂದು ಅಳತೆ ಹೇಳಲೇಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಒಂದು ಇಂಚಿನ ಚೌಕ ಅಂದರೆ 5 ಅಡಿ. ಗೋಡೆಯ ದಪ್ಪವನ್ನು ಆ ಚೌಕದ ಒಳಗೆ ತಂದರೆ ಬೊಂಬೆ ನಿಲ್ಲಲು ಜಾಗ ಸಾಲುವುದಿಲ್ಲ. ಗೋಡೆಯನ್ನು ಚೌಕದ ಹೊರಗೆ ಇಡಿ.

ಟೈಲ್‌ನ ಅಳತೆಯಲ್ಲೂ ಒಂದು ವಿಷಯ ಇದೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಸುಮಾರು 0.2 ಇಂದ 0.3 ಶೇಕಡಾ ಹಿಗ್ಗುತ್ತದೆ. ಒಂದು ಟೈಲ್‌ನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹತ್ತು ಟೈಲ್ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ದಾಟುತ್ತದೆ. ಮೂಲ ಮಾದರಿಯನ್ನು 50.8 (2 ಇಂಚು) ಬದಲು 50.5 ಮಿಲಿಮೀಟರ್‌ಗೆ ಕತ್ತರಿಸಿದರೆ ಎಲ್ಲವೂ ಸರಾಗವಾಗಿ ಕೂರುತ್ತವೆ.

ಧೂಳುಕೈ
ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ಉದ್ದನೆಯ ಮೊಗಸಾಲೆ ಯಾವಾಗಲೂ ಚೌಕಟ್ಟಿನೊಳಗೆ ಬಿಗಿಯಾಗುತ್ತಿತ್ತು. ಥ್ಯಾಂಕ್ಸ್.

ಅಚ್ಚುಮೆಚ್ಚು
ಹೊಸಬರು ಓದುತ್ತಿರುವುದರಿಂದ ಎರಡು ಮಾತು. ಉಳಿದ ಪ್ಲಾಸ್ಟರನ್ನು ಸಿಂಕ್‌ಗೆ ಸುರಿಯಬೇಡಿ, ಪೈಪಿನೊಳಗೆ ನೀರಿನ ಕೆಳಗೂ ಅದು ಗಟ್ಟಿಯಾಗುತ್ತದೆ. ಬಾಗುವ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕಲಸಿ. ಉಳಿದದ್ದು ಅಲ್ಲೇ ಗಟ್ಟಿಯಾಗಲಿ, ಆಮೇಲೆ ಹಿಂಡಿದರೆ ಚೂರಾಗಿ ಬೀಳುತ್ತದೆ. ಬಟ್ಟಲನ್ನು ಚೆನ್ನಾಗಿ ಒರೆಸಿ. ಹಳೆಯ ಚೂರು ಉಳಿದರೆ ಹರಳುಗಳು ಅದರ ಸುತ್ತ ಬೇಗ ಬೆಳೆದು ಮುಂದಿನ ಮಿಶ್ರಣ ಅವಸರದಲ್ಲಿ ಗಟ್ಟಿಯಾಗುತ್ತದೆ.

ಎರಡನೆಯದು, ಮಕ್ಕಳ ಜೊತೆ ಮಾಡುವವರು ಗಮನಿಸಿ. ಕೈಬೆರಳನ್ನು ಪ್ಲಾಸ್ಟರ್‌ನಲ್ಲಿ ಮುಳುಗಿಸಿ ಅಚ್ಚು ತೆಗೆಯುವ ಆಟ ಬೇಡವೇ ಬೇಡ. ದಪ್ಪ ಮುದ್ದೆಯಲ್ಲಿ ಬಿಸಿ 60 ಡಿಗ್ರಿವರೆಗೆ ಏರಬಹುದು. ಗಟ್ಟಿಯಾದ ಮೇಲೆ ಕೈ ತೆಗೆಯಲೂ ಆಗುವುದಿಲ್ಲ, ಸುಟ್ಟುಹೋಗುತ್ತದೆ.

ಹೊಸ_ಕಿಂಡಿ
ನನ್ನ ಪುಡಿ ಚೀಲದಲ್ಲಿ ಗಂಟುಗಂಟಾಗಿದೆ. ಜರಡಿ ಹಿಡಿದು ಬಳಸಬಹುದಾ?

ಧೂಳುಕೈ
ಗಂಟು ಅಂದರೆ ಆಗಲೇ ತೇವ ಕುಡಿದಿದೆ. ಆಟದ ಟೈಲ್‌ಗೆ ಬೇಡ. ಹೊಸ ಪುಡಿಯನ್ನು ಗಾಳಿ ಹೋಗದ ಡಬ್ಬಿಯಲ್ಲಿ ಇಡಿ.

ಕತ್ತಲಕೋಣೆ
ಹದಿನಾರು ದಿನ ಆದ ಮೇಲೆ ಬರೆಯುತ್ತಿದ್ದೇನೆ. 140ಕ್ಕೆ 84, ತೂಕ ಮಾಡಿ. ನೀರಿಗೆ ಪುಡಿ. ಬ್ರಶ್‌ನಲ್ಲಿ ಮೊದಲ ಪದರ. ಗಾಜಿನ ಹಲಗೆಯಿಂದ ಅಲುಗಾಡಿಸಲಿಲ್ಲ. 36 ಟೈಲ್ ಹೊಯ್ದೆ. ಮೂಲೆ ಹೋದದ್ದು ಎರಡರಲ್ಲಿ ಮಾತ್ರ, ಅವೆರಡೂ ನಾನು ಅವಸರದಲ್ಲಿ ಎಳೆದವು. ಮೊದಲ ದಿನ 34 ಗ್ರಾಂ ಇತ್ತು. ಆರನೇ ದಿನ 25. ಏಳನೇ ದಿನವೂ 25! ಆ ಅಂಕಿ ನಿಂತದ್ದನ್ನು ನೋಡಿ ಎಷ್ಟು ಸಂತೋಷವಾಯಿತು ಗೊತ್ತಾ.

ತೂತು ಇನ್ನೂ ಅಲ್ಲೊಂದು ಇಲ್ಲೊಂದು ಇದೆ. ಕಲ್ಲಿನ ನೆಲಕ್ಕೆ ಅದು ಚೆನ್ನಾಗಿಯೇ ಕಾಣುತ್ತದೆ, ಹಾಗೇ ಬಿಟ್ಟೆ. ಮೊನ್ನೆ ಆಟದಲ್ಲಿ ಮೊದಲ ಕೋಣೆ ಜೋಡಿಸಿದೆ. ಒಬ್ಬ ಗೆಳತಿ ದಾಳ ಎಸೆಯುವುದನ್ನು ಬಿಟ್ಟು ಟೈಲ್ ಸವರುತ್ತಾ ಕೂತಿದ್ದಳು.

ಮುಂದೆ ಮೆಟ್ಟಿಲು ಮಾಡಬೇಕು. ಒಂದೇ ಅಚ್ಚಿನಲ್ಲಿ ಬರುತ್ತದಾ?

ಮೌನಿ_7
ಬರುತ್ತದೆ, ಆದರೆ ಮೆಟ್ಟಿಲ ಮೂಲೆಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಬೇರೆ ಬೇರೆ ಉದ್ದದ ಚಪ್ಪಡಿ ಹೊಯ್ದು ಒಂದರ ಮೇಲೊಂದು ಅಂಟಿಸುವುದು ಸುಲಭ. ದಪ್ಪ 6 ಮಿಲಿಮೀಟರ್ ಇರಲಿ.

ಚಪ್ಪಡಿಪುರಾಣ
ಮೆಟ್ಟಿಲ ಅಗಲ ಬೊಂಬೆಯ ತಳಕ್ಕಿಂತ ಜಾಸ್ತಿ ಇರಬೇಕು. ಇಲ್ಲದಿದ್ದರೆ ಮೆಟ್ಟಿಲ ಮೇಲೆ ಯಾರೂ ನಿಲ್ಲುವುದಿಲ್ಲ. ಅಂದ ಹಾಗೆ, ಅಂಟಿಲ್ಲದೆ ಅದೇ ಅಳತೆಯಲ್ಲಿ ಹೊಯ್ದು ನೋಡಿದೆ. ಗಟ್ಟಿಗಿತ್ತಿ ಹೇಳಿದ್ದೇ ಸರಿ, ಮೂಲೆಗಳು ಅಷ್ಟೇ ಗಟ್ಟಿಯಾಗಿವೆ.